ಅಕ್ಷರದ ನೀರಗಂಟಿಗಳು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ನಮ್ಮ ಮನೆಗಳಲ್ಲಿ ಮಗನೋ ಮಗಳೋ, ಸೊಸೆಯೋ ಅಳಿಯನೋ ಗಣಕಯಂತ್ರದ ಉದ್ಯೋಗ ಹಿಡಿದು ಬೆಂಗಳೂರು ಸೇರಿರುವುದು ಈಗ ಸರ್ವೇಸಾಮಾನ್ಯ. ಅಂತಹ ಮನೆಗಳ ಹಿರಿಯರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. "ಹುಡುಗ ಸಂಬಳದ ಕೆಲಸ ಮುಗಿಸಿದ ಮೇಲೂ ರಾತ್ರಿ ಹನ್ನೊಂದರವರೆಗೆ ಯಂತ್ರದ ಮುಂದೆಯೇ ಕುಳಿತಿರುತ್ತಾನೆ. ಕೇಳಿದರೆ, ಇದು ಕಂಪನಿಯ ಕೆಲಸವಲ್ಲ, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬರೆಯುತ್ತಿದ್ದೇನೆ ಎನ್ನುತ್ತಾನೆ. ದುಡ್ಡಿಲ್ಲದ ಈ ದುಡಿಮೆ ಯಾರಿಗಾಗಿ?"

ಪ್ರಶ್ನೆ ಸಹಜವಾದದ್ದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಳಿಗ್ಗೆ ಇಷ್ಟಲಿಂಗಪೂಜೆ ಮುಗಿಸಿ, ಮೊಮ್ಮಗಳು ತೆಗೆದುಕೊಟ್ಟ ಮೊಬೈಲಿನಲ್ಲಿ ಒಂದು ವಚನವನ್ನು ಓದುವ ಅಜ್ಜಿಯ ಕಣ್ಣಿಗೂ ಆ ವಚನದ ಅಕ್ಷರಗಳಿಗೂ ನಡುವೆ ಅಂತಹ ಹತ್ತಾರು ಜನರ ರಾತ್ರಿಯ ದುಡಿಮೆ ಇದೆ. ಅವರು ಕಟ್ಟಿದ ಉಪಕರಣಗಳಲ್ಲಿ ಅನೇಕವು ಬಹಳ ಚಿಕ್ಕವು. ಅವುಗಳ ಹೆಸರು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆದರೆ ಅವು ಕೆಟ್ಟರೆ ಅಜ್ಜಿಯ ವಚನ ಕಾಣುವುದಿಲ್ಲ. ಆ ಉಪಕರಣಗಳು ಯಾವುವು, ಅವುಗಳನ್ನು ಕಾಯುವವರು ಯಾರು, ಅವರಿಗೆ ನಮ್ಮ ಸಮಾಜ ಸಲ್ಲಿಸಬೇಕಾದ ಪಾಲು ಯಾವುದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಶಾವಿಗೆಯ ಒರಳು

ನಮ್ಮ ಕಡೆಯ ಊರುಗಳಲ್ಲಿ ಒತ್ತುಶಾವಿಗೆಯ ಒರಳು ಎಲ್ಲರ ಮನೆಯಲ್ಲಿಯೂ ಇರುತ್ತಿರಲಿಲ್ಲ. ಕೇರಿಗೆ ಒಂದೋ ಎರಡೋ ಇದ್ದರೆ ಹಬ್ಬದ ದಿನಗಳಲ್ಲಿ ಅದು ಮನೆಯಿಂದ ಮನೆಗೆ ತಿರುಗುತ್ತಿತ್ತು. ಹಿಟ್ಟು ಅವರವರದು, ಕಾಯಿಹಾಲು ಅವರವರದು. ಒರಳು ಮಾತ್ರ ಕೇರಿಯದು. ಜಾಲತಾಣಗಳನ್ನು ಕಟ್ಟುವವರ ಪ್ರಪಂಚದಲ್ಲಿಯೂ ಇಂತಹ ಒರಳುಗಳುಂಟು. ದಿನಾಂಕವನ್ನು ಸರಿಯಾಗಿ ತೋರಿಸುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಚಿತ್ರಗಳನ್ನು ಒಂದಾದ ಮೇಲೊಂದು ಸರಿಸುವುದು - ಇವು ಪ್ರತಿಯೊಂದು ಜಾಲತಾಣಕ್ಕೂ ಬೇಕಾಗುವ ಕೆಲಸಗಳು. ಪ್ರತಿಯೊಬ್ಬನೂ ಇವನ್ನು ಮೊದಲಿನಿಂದ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಆದ್ದರಿಂದ ಒಬ್ಬರು ಒಮ್ಮೆ ಚೆನ್ನಾಗಿ ಬರೆದು ಎಲ್ಲರ ಮುಂದೆ ಇಡುತ್ತಾರೆ. ಉಳಿದವರು ತಮ್ಮ ಕೆಲಸಕ್ಕೆ ಅದನ್ನು ಜೋಡಿಸಿಕೊಳ್ಳುತ್ತಾರೆ. ಹೀಗೆ ಸಿದ್ಧಪಡಿಸಿಟ್ಟ ತಂತ್ರಾಂಶದ ತುಣುಕುಗಳಿಗೆ ಅವರು ಲೈಬ್ರರಿ ಎಂದು ಕರೆಯುತ್ತಾರೆ. ಪುಸ್ತಕದ ಭಂಡಾರಕ್ಕೂ ಇದಕ್ಕೂ ಹೆಸರಿನಲ್ಲಷ್ಟೇ ಸಾಮ್ಯ. ೨೦೦೬ರಲ್ಲಿ ಅಮೆರಿಕದ ಜಾನ್ ರೆಸಿಗ್ ಎಂಬ ತರುಣ ಹೊರತಂದ ಜೆಕ್ವೆರಿ ಎಂಬ ಲೈಬ್ರರಿ ಪ್ರಪಂಚದ ಅಸಂಖ್ಯ ಜಾಲತಾಣಗಳಲ್ಲಿ ಬಳಕೆಯಾಯಿತು. ಅದನ್ನು ಬಳಸಿದ್ದಕ್ಕೆ ಯಾರೂ ಹಣ ತೆರಬೇಕಾಗಿರಲಿಲ್ಲ.

ಒರಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಒರಳನ್ನು ಎರವಲು ಕೊಟ್ಟರೆ ಕೊಟ್ಟವರ ಮನೆಯಲ್ಲಿ ಅಂದು ಶಾವಿಗೆಯಿಲ್ಲ. ತಂತ್ರಾಂಶವನ್ನು ಎಷ್ಟು ಜನರಿಗೆ ಕೊಟ್ಟರೂ ಕೊಟ್ಟವನ ಬಳಿ ಅದು ಹಾಗೆಯೇ ಉಳಿದಿರುತ್ತದೆ. ಅಷ್ಟೇ ಅಲ್ಲ, ಪಡೆದವನು ಅದರಲ್ಲಿ ಕಂಡ ಕುಂದನ್ನು ತಿದ್ದಿ ಹಿಂದಿರುಗಿಸಿದರೆ ಮೂಲದವನ ಒರಳೂ ಉತ್ತಮಗೊಳ್ಳುತ್ತದೆ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ. ಬೆಲೆಯಿಲ್ಲದೆ ಕೊಡುವುದು ಒಂದು. ಒಳಗಿನ ಬರವಣಿಗೆಯನ್ನೂ ತೆರೆದು ಕೊಡುವುದು ಇನ್ನೊಂದು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ತಂತ್ರಾಂಶವು ಬೆಲೆಯಿಲ್ಲದೆ ಕನ್ನಡಿಗರ ಕೈಸೇರಿ ಮಹೋಪಕಾರ ಮಾಡಿತು. ಮುಕ್ತ ತಂತ್ರಾಂಶವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಅದು ಹೋಳಿಗೆಯೊಂದಿಗೆ ಹೋಳಿಗೆ ಮಾಡುವ ವಿಧಾನವನ್ನೂ ಬರೆದುಕೊಡುತ್ತದೆ. ಮಾಡಿದವರು ಇಲ್ಲವಾದರೂ ಮತ್ತೊಬ್ಬರು ಅದನ್ನು ಮುಂದುವರಿಸಬಹುದು.

ಹೀಗೆ ತೆರೆದಿಟ್ಟದ್ದು ಹೇಳುವವರು ಕೇಳುವವರು ಇಲ್ಲದ ಮಾಲೆಂದು ಭಾವಿಸಬಾರದು. ಅದಕ್ಕೂ ಪರವಾನಗಿಯ ಕಟ್ಟಳೆಯುಂಟು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ, ೧೯೮೯ರಲ್ಲಿ ಜಿಪಿಎಲ್ ಎಂಬ ಪರವಾನಗಿಯನ್ನು ರೂಪಿಸಿದರು. ಇದನ್ನು ಪಡೆದು ತಿದ್ದಿದವನು ತಿದ್ದಿದ್ದನ್ನು ಇತರರಿಗೆ ಹಂಚುವಾಗ, ತಾನು ಪಡೆದ ಸ್ವಾತಂತ್ರ್ಯವನ್ನೇ ಅವರಿಗೂ ಕೊಡತಕ್ಕದ್ದು ಎಂಬುದು ಅದರ ತಿರುಳು. ಇನ್ನು ಕೆಲವು ಪರವಾನಗಿಗಳು ಮೂಲಕರ್ತೃವಿನ ಹೆಸರನ್ನು ಅಳಿಸದೆ ಉಳಿಸಿಕೊಂಡರೆ ಸಾಕೆನ್ನುತ್ತವೆ. ಕಾಯಕದಿಂದ ಬಂದದ್ದನ್ನು ತನ್ನ ಬಳಿಯೇ ಕೂಡಿಹಾಕದೆ ಸಮಾಜಕ್ಕೆ ಸಲ್ಲಿಸಬೇಕೆಂಬ ದಾಸೋಹದ ತತ್ತ್ವವನ್ನು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಈ ನಿಯಮ ಅಪರಿಚಿತವೆನಿಸಬೇಕಾಗಿಲ್ಲ. ದಾಸೋಹವು ದಾನವಲ್ಲ, ಅಲ್ಲಿ ಕೊಡುವವನು ಮೇಲಿನವನಲ್ಲ, ಪಡೆಯುವವನು ಕೆಳಗಿನವನಲ್ಲ.

ಓಲೆಯಿಂದ ಯಂತ್ರಕ್ಕೆ

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನ ದೊರೆತದ್ದು ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಕಲ್ಲಿನ ಅಕ್ಷರಕ್ಕೆ ಮಳೆಗಾಳಿಯದೊಂದೇ ಭಯ. ಓಲೆಗರಿಯ ಅಕ್ಷರಕ್ಕೆ ಗೆದ್ದಲಿನ ಭಯವೂ ಉಂಟು, ಬೆಂಕಿಯ ಭಯವೂ ಉಂಟು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಆ ಭಯಗಳನ್ನೆಲ್ಲ ದಾಟಿ ನಮ್ಮವರೆಗೆ ಬಂದದ್ದು ಪ್ರತಿಮಾಡುವವರಿಂದ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲ ಮತ್ತು ಅದರ ಅನಂತರ, ವಚನಗಳನ್ನು ಅರಸಿ, ಕೂಡಿಸಿ, ಪ್ರತಿಮಾಡಿದ ವಿರಕ್ತರ ಶ್ರಮವಿಲ್ಲದಿದ್ದರೆ ಶೂನ್ಯಸಂಪಾದನೆಯೂ ಇಲ್ಲ, ವಚನ ಸಂಕಲನಗಳೂ ಇಲ್ಲ.

ಅನಂತರದ ದೊಡ್ಡ ಹೆಸರು ಡಾ. ಫ. ಗು. ಹಳಕಟ್ಟಿಯವರದು (೧೮೮೦-೧೯೬೪). ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಬೇರೆಯವರ ಅಚ್ಚುಕೂಟವನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಮನಗಂಡು, ಇದ್ದ ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ವಚನವಿದ್ದರೆ ಸಾಲದು, ವಚನವನ್ನು ಜನರಿಗೆ ತಲುಪಿಸುವ ಉಪಕರಣವೂ ನಮ್ಮ ಕೈಯಲ್ಲಿ ಇರಬೇಕು ಎಂಬ ಅವರ ದೂರದೃಷ್ಟಿಯನ್ನು ಗಮನಿಸಬೇಕು. ಇಂದಿನ ಪ್ರಶ್ನೆಯೂ ಅದೇ ಆಗಿದೆ.

೧೯೯೩ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಒಂದೆಡೆ ದೊರೆತವು. ಆ ಹೊತ್ತಿಗೆ ಮೊಳೆ ಜೋಡಿಸುವ ಕಾಲ ಮುಗಿಯುತ್ತ ಬಂದು ಗಣಕಯಂತ್ರದ ಅಕ್ಷರಜೋಡಣೆಯ ಕಾಲ ಆರಂಭವಾಗಿತ್ತು. ಅಲ್ಲಿ ಯಾರೂ ಊಹಿಸದ ಹೊಸ ತೊಡಕೊಂದು ಕಾದಿತ್ತು.

ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್

ಅಂದಿನ ಗಣಕಯಂತ್ರಗಳಿಗೆ ಇಂಗ್ಲಿಷ್ ಅಕ್ಷರಗಳು ಮಾತ್ರ ಗೊತ್ತಿದ್ದವು. ಕನ್ನಡವನ್ನು ಮೂಡಿಸಲು ಒಂದು ಉಪಾಯ ಮಾಡಲಾಯಿತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಸಿದ್ಧವಾದವು. ತೆರೆಯ ಮೇಲೆ ಕಾಣುವುದು ಕನ್ನಡ; ಯಂತ್ರದ ನೆನಪಿನಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟು ಇರುವ ಯಂತ್ರದಲ್ಲಿ ಬಸವಣ್ಣನವರ ವಚನ, ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚು. ಒಂದೊಂದು ತಂತ್ರಾಂಶದವರು ಒಂದೊಂದು ಬಗೆಯಲ್ಲಿ ಮನೆ ಹಂಚಿದ್ದರಿಂದ ಒಬ್ಬರದು ಮತ್ತೊಬ್ಬರಿಗೆ ಹೊಂದುತ್ತಿರಲಿಲ್ಲ. ಹುಡುಕುವುದಂತೂ ಅಸಾಧ್ಯ, 'ಅರಿವು' ಎಂಬ ಪದವನ್ನು ಹುಡುಕೆಂದರೆ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು.

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್ ಎಂಬ ಸಾರ್ವತ್ರಿಕ ಏರ್ಪಾಡು. ಪ್ರಪಂಚದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಒಂದು ಸಂಖ್ಯೆಯನ್ನು ಕೊಡುವ ಈ ಏರ್ಪಾಡಿನ ಮೊದಲ ಆವೃತ್ತಿ ೧೯೯೧ರಲ್ಲಿ ಬಂದಾಗಲೇ ಕನ್ನಡಕ್ಕೆ ೧೨೮ ಮನೆಗಳು ಮೀಸಲಾದವು. ಆದರೆ ನಮ್ಮ ಅಚ್ಚುಕೂಟಗಳಲ್ಲಿ ಹಳೆಯ ಫಾಂಟುಗಳೇ ಬಹುಕಾಲ ಮುಂದುವರಿದವು. ಹೀಗಾಗಿ ಎರಡು ದಶಕಗಳಿಗೂ ಮಿಕ್ಕಿದ ಕಾಲದ ಕನ್ನಡ ಬರವಣಿಗೆ ಹಳೆಯ ಪೆಟ್ಟಿಗೆಯಲ್ಲಿ ಸೆರೆಯಾಯಿತು.

ಸೆರೆ ಬಿಡಿಸುವುದು ಒಂದು ಮನೆಯ ಬದಲು ಇನ್ನೊಂದು ಮನೆಯನ್ನು ತೋರಿಸಿದಷ್ಟು ಸುಲಭವಲ್ಲ. 'ಧರ್ಮ' ಎಂಬ ಪದವನ್ನೇ ನೋಡಿ. ಉಚ್ಚಾರಣೆಯಲ್ಲಿ ಮೊದಲು ಧ, ಆಮೇಲೆ ಅರ್ಧ ರಕಾರ, ಕೊನೆಗೆ ಮ. ಯುನಿಕೋಡ್ ಇದೇ ಕ್ರಮವನ್ನು ಅನುಸರಿಸುತ್ತದೆ. ಬರವಣಿಗೆಯಲ್ಲಿ ಮಾತ್ರ ಅರ್ಕಾವತ್ತು ಮಕಾರದ ಅನಂತರ ಬರುತ್ತದೆ. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮವನ್ನೇ ಹಿಡಿದಿಟ್ಟಿದೆ. ಪರಿವರ್ತಿಸುವ ತಂತ್ರಾಂಶವು ಅರ್ಕಾವತ್ತನ್ನು ಗುರುತಿಸಿ, ಹಿಂದಿನ ಅಕ್ಷರದ ಮುಂದಕ್ಕೆ ಒಯ್ದು ಕೂರಿಸಬೇಕು. ಒತ್ತಕ್ಷರಗಳಿದ್ದರೆ ಅವನ್ನೂ ದಾಟಿ ಒಯ್ಯಬೇಕು. ದೀರ್ಘದ ಚಿಹ್ನೆ ಬೇರೆಯಾಗಿ ನಿಂತಿದ್ದರೆ ಗುಡಿಸನ್ನು ದೀರ್ಘವಾಗಿಸಬೇಕು. ಇಂತಹ ಹತ್ತಾರು ವಿನಾಯಿತಿಗಳನ್ನು ಒಂದೊಂದಾಗಿ ಕಂಡುಹಿಡಿದು ಬರೆಯಬೇಕು.

ಈ ಕೆಲಸವನ್ನು ಮಾಡಿ ಎಲ್ಲರ ಮುಂದೆ ತೆರೆದಿಟ್ಟವರಲ್ಲಿ ಅರವಿಂದ ವಿ. ಕೆ. ಎಂಬ ಕನ್ನಡ ತಂತ್ರಜ್ಞರೊಬ್ಬರು. ನುಡಿ, ಬರಹ ಮೊದಲಾದ ಹಳೆಯ ಬರವಣಿಗೆಯನ್ನು ಯುನಿಕೋಡಿಗೆ ಪರಿವರ್ತಿಸುವ ಅವರ ಉಪಕರಣ ಚಿಕ್ಕದು. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಮ್ಮ ಜಾಲತಾಣಕ್ಕೆ ಅಳವಡಿಸಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳ ಹಿಂದೆಯೂ ಅವರ ದುಡಿಮೆಯಿದೆ. ಈ ಫಾಂಟುಗಳು ಡೆಬಿಯನ್, ಉಬುಂಟು ಎಂಬ ಮುಕ್ತ ಕಾರ್ಯವ್ಯವಸ್ಥೆಗಳ ಭಂಡಾರದಲ್ಲಿ ಸೇರಿ ದೇಶವಿದೇಶಗಳ ಯಂತ್ರಗಳನ್ನು ತಲುಪಿವೆ.

ವಚನಗಳಿಗೆ ಇದರ ಫಲ ದೊರೆತದ್ದು ೨೦೧೦ರ ದಶಕದ ಮೊದಲ ಭಾಗದಲ್ಲಿ. ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿ, ಕಥೆಗಾರ ವಸುಧೇಂದ್ರ, ತಂತ್ರಜ್ಞರಾದ ಓಂಶಿವಪ್ರಕಾಶ್, ಪವಿತ್ರ ಹಂಚಗಯ್ಯ ಮೊದಲಾದವರು ಕೂಡಿ 'ವಚನ ಸಂಚಯ' ಎಂಬ ಜಾಲತಾಣವನ್ನು ಕಟ್ಟಿದರು. ಸಮಗ್ರ ಸಂಪುಟಗಳ ವಚನಗಳು ಯುನಿಕೋಡಿಗೆ ಬಂದವು. ಒಂದು ಪದವನ್ನು ಕೊಟ್ಟರೆ ಯಾವ ಯಾವ ಶರಣರು ಯಾವ ಯಾವ ವಚನದಲ್ಲಿ ಅದನ್ನು ಬಳಸಿದ್ದಾರೆಂಬುದು ಕ್ಷಣಾರ್ಧದಲ್ಲಿ ಕಾಣುವಂತಾಯಿತು. ಹಿಂದೆ ಒಬ್ಬ ಸಂಶೋಧಕನಿಗೆ ತಿಂಗಳುಗಳೇ ಬೇಕಾಗುತ್ತಿದ್ದ ಈ ಕೆಲಸ ಈಗ ಹೈಸ್ಕೂಲಿನ ಬಾಲಕಿಗೂ ಸಾಧ್ಯ. ವಚನಗಳು ಕನ್ನಡದ ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಾಲಯಕ್ಕೂ ಸೇರಿದವು.

ಕಾಣದ ಇನ್ನೂ ಕೆಲವು ಕೈಗಳು

ಯುನಿಕೋಡಿನಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಸಂಖ್ಯೆಗಳು ಬೇಕು. ಆ ಆರನ್ನು ಕೂಡಿಸಿ, ತಕಾರ ರಕಾರಗಳನ್ನು ಒತ್ತಾಗಿಸಿ, ಅವುಗಳ ಸ್ಥಾನದಲ್ಲಿ ನಿಲ್ಲಿಸುವ ಕೆಲಸ ಯಾರದು? ಅನೇಕ ಮೊಬೈಲುಗಳಲ್ಲಿ ಮತ್ತು ಜಾಲವೀಕ್ಷಕಗಳಲ್ಲಿ ಅದನ್ನು ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಇದು ಪಾರಸಿಯ ಹೆಸರು. 'ತೆರೆದ ಅಕ್ಷರ' ಎಂದು ಅರ್ಥ. ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್ ಅವರು ಅದರ ಮುಖ್ಯ ಕರ್ತೃ. ಅರಕಲಗೂಡಿನ ಹಳ್ಳಿಯೊಂದರಲ್ಲಿ ಅಕ್ಕಮಹಾದೇವಿಯ ವಚನದ ಒತ್ತಕ್ಷರ ಸರಿಯಾಗಿ ಮೂಡಲು ಪಾರಸಿ ಮಾತೃಭಾಷೆಯ ಒಬ್ಬರ ಶ್ರಮ ನೆರವಾಗಿದೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ಬೆರಳಚ್ಚಿಗೂ ಇಂತಹ ಕಥೆಯೇ ಇದೆ. ಕನ್ನಡವನ್ನು ಉಚ್ಚಾರಣೆಯಂತೆ ಟೈಪು ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಅದನ್ನು ಕನ್ನಡಿಗರೆಲ್ಲರ ಬಳಕೆಗೆ ಬಿಟ್ಟುಕೊಟ್ಟರು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಭಾಷಾತಂತ್ರಜ್ಞರು ಕಟ್ಟಿದ ಜೆಕ್ವೆರಿ ಐಎಂಇ ಎಂಬ ಮುಕ್ತ ಲೈಬ್ರರಿಯನ್ನು ಅಳವಡಿಸಿದರೆ, ಯಾವ ತಂತ್ರಾಂಶವನ್ನೂ ಬೇರೆಯಾಗಿ ಹಾಕಿಕೊಳ್ಳದೆ ಜಾಲತಾಣದಲ್ಲಿಯೇ ಕನ್ನಡವನ್ನು ಬರೆಯಬಹುದು. ಅಚ್ಚಾದ ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ಉಪಕರಣವನ್ನು ೨೦೦೫ರಲ್ಲಿ ಮುಕ್ತಗೊಳಿಸಲಾಯಿತು. ಅದು ಈಗ ಕನ್ನಡವನ್ನೂ ಓದುತ್ತದೆ.

ತೂಬು ಮತ್ತು ನೀರಗಂಟಿ

ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿಯ ನಾಲೆಗಳು ಎಷ್ಟೇ ವಿಶಾಲವಾಗಿದ್ದರೂ ಗದ್ದೆಗೆ ನೀರು ಬರುವುದು ತೂಬಿನ ಮೂಲಕ. ನಾಲೆ ಬರುವುದಕ್ಕೆ ಮೊದಲಿನ ಕೆರೆಗಳ ಕಾಲದಲ್ಲಿ ಆ ತೂಬನ್ನು ಕಾಯಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಬಿರುಕು ನೋಡುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಣಯಿಸುವವನು ಅವನೇ. ನೀರಿಗೆ ಬೆಲೆ ಕಟ್ಟುತ್ತಿರಲಿಲ್ಲ. ಆದರೆ ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ನೀರಗಂಟಿಯ ಆಯವನ್ನು ಕೊಡುವುದು ಊರಿನ ಕಟ್ಟಳೆಯಾಗಿತ್ತು. ನೀರು ಪುಕ್ಕಟೆ, ಕಾಯುವವನ ಹೊಟ್ಟೆ ಪುಕ್ಕಟೆಯಲ್ಲ ಎಂಬ ವಿವೇಕ ನಮ್ಮ ಹಿರಿಯರಲ್ಲಿತ್ತು.

ತಂತ್ರಾಂಶದ ಜಗತ್ತು ಈ ವಿವೇಕವನ್ನು ಮರೆತು ಹಲವು ಬಾರಿ ಪೆಟ್ಟು ತಿಂದಿದೆ. ೨೦೧೪ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ಲೈಬ್ರರಿಯಲ್ಲಿ ದೊಡ್ಡ ಬಿರುಕು ಬಯಲಾಯಿತು. ಜಗತ್ತಿನ ಅಸಂಖ್ಯ ಜಾಲತಾಣಗಳ ಗುಟ್ಟನ್ನು ಕಾಯುತ್ತಿದ್ದ ಆ ಬೀಗವನ್ನು ಬೆರಳೆಣಿಕೆಯ ಜನ, ಅಲ್ಪಸ್ವಲ್ಪ ದೇಣಿಗೆಯ ಮೇಲೆ ನೋಡಿಕೊಳ್ಳುತ್ತಿದ್ದರೆಂಬುದು ಆಗ ತಿಳಿದುಬಂತು. ೨೦೧೬ರ ಮಾರ್ಚ್‌ನಲ್ಲಿ ಒಬ್ಬ ತಂತ್ರಜ್ಞ, ಹೆಸರಿನ ವಿವಾದವೊಂದರಿಂದ ಮನನೊಂದು, ತಾನು ತೆರೆದಿಟ್ಟಿದ್ದ ತುಣುಕುಗಳನ್ನೆಲ್ಲ ಸಾರ್ವಜನಿಕ ಭಂಡಾರದಿಂದ ಹಿಂದೆಗೆದುಕೊಂಡ. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬುದೊಂದು. ಪದದ ಎಡಕ್ಕೆ ಜಾಗ ತುಂಬುವ ಕೇವಲ ೧೧ ಸಾಲಿನ ಬರವಣಿಗೆ. ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡ ಕಂಪನಿಗಳ ಕೆಲಸವೂ ಕೆಲಕಾಲ ಸ್ಥಗಿತಗೊಂಡಿತು.

೨೦೨೪ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಎಕ್ಸ್‌ಜೆಡ್ ಎಂಬ ಉಪಕರಣವನ್ನು ಅನೇಕ ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ ಕಾಯುತ್ತಿದ್ದರು, ದಣಿದಿದ್ದರು. ನೆರವಾಗುವೆನೆಂದು ಬಂದ ಅಪರಿಚಿತನೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಇಟ್ಟ. ಯಂತ್ರದೊಳಗೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಸಂಶಯಪಟ್ಟು ಶೋಧಿಸಿದ್ದರಿಂದ ಅನಾಹುತ ತಪ್ಪಿತು. ಒಳಬರಹ ತೆರೆದಿದ್ದುದರಿಂದಲೇ ಅವರಿಗೆ ಶೋಧಿಸಲು ಸಾಧ್ಯವಾಯಿತೆಂಬುದೂ ನಿಜ. ಏಕಾಂಗಿಯಾದ ನೀರಗಂಟಿಯ ದಣಿವೇ ಕಳ್ಳನಿಗೆ ದಾರಿಯಾಯಿತೆಂಬುದೂ ನಿಜ.

ಜಗತ್ತಿನ ದೊಡ್ಡ ಭಾಷೆಗಳ ಉಪಕರಣಗಳ ಸ್ಥಿತಿಯೇ ಹೀಗಿದ್ದರೆ, ಕನ್ನಡದ ಪರಿವರ್ತಕವನ್ನೋ ಫಾಂಟನ್ನೋ ಕಾಯುವವರ ಸ್ಥಿತಿಯನ್ನು ಹೇಳಬೇಕಾಗಿಲ್ಲ. ಅವುಗಳನ್ನು ಕೊಂಡುಕೊಳ್ಳುವ ಮಾರುಕಟ್ಟೆಯಿಲ್ಲ. ಅವುಗಳನ್ನು ಬಳಸುವ ನಾವೇ ಅವುಗಳ ಊರು.

ನಮ್ಮ ನಾಲ್ಕು ಊರುಗಳಲ್ಲಿ ಆಗಬೇಕಾದ ಕೆಲಸ

ಈ ಮಾತು ನಮಗೆ ಏಕೆ ತುರ್ತಿನದು? ಕಳೆದ ಮೂರು ದಶಕಗಳಲ್ಲಿ ನಮ್ಮ ಸಂಘಗಳು, ವಿದ್ಯಾರ್ಥಿನಿಲಯಗಳು, ಅಕ್ಕನ ಬಳಗಗಳು, ಮಠಗಳ ಜಾತ್ರಾ ಸಮಿತಿಗಳು ಹೊರತಂದ ಸ್ಮರಣ ಸಂಚಿಕೆಗಳು, ವಚನ ಕಮ್ಮಟದ ಕಿರುಹೊತ್ತಿಗೆಗಳು, ಹಿರಿಯರ ಬದುಕಿನ ಲೇಖನಗಳು ಬಹುಪಾಲು ಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಅವು ಪೇಜ್‌ಮೇಕರ್ ಎಂಬ ತಂತ್ರಾಂಶದ ಕಡತಗಳಲ್ಲಿ, ಸಿ.ಡಿ.ಗಳಲ್ಲಿ, ಕೆಟ್ಟು ಮೂಲೆಗೆ ಬಿದ್ದ ಯಂತ್ರಗಳಲ್ಲಿ ಉಳಿದಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಅಂಗಡಿ ಮುಚ್ಚಿದ ದಿನ, ಯಂತ್ರ ಗುಜರಿಗೆ ಹೋದ ದಿನ, ಊರಿನ ನೆನಪಿನ ಒಂದು ಭಾಗವೂ ಹೋಗುತ್ತದೆ. ಓಲೆಗರಿಗೆ ಗೆದ್ದಲು ಹಿಡಿಯಲು ನೂರು ವರ್ಷ ಬೇಕಾಗಿತ್ತು. ಇದಕ್ಕೆ ಹತ್ತು ವರ್ಷ ಸಾಕು.

ಆದ್ದರಿಂದ ಪ್ರತಿಯೊಂದು ಸಂಘವೂ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉಚಿತ.

ಮೊದಲನೆಯದಾಗಿ, ಕಡತಗಳನ್ನು ಕೂಡಿಸಿ. ಅಂಗಡಿಯವರನ್ನು ಕಂಡು, ಯಾವ ಫಾಂಟಿನಲ್ಲಿ ಬರೆದದ್ದೆಂಬುದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಪರಿವರ್ತಕಕ್ಕೆ ಬೇಕಾದ ಮೊದಲ ಸುಳಿವು ಅದೇ. ಮೂಲ ಕಡತವನ್ನು ಮುಟ್ಟದೆ, ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡಿ.

ಎರಡನೆಯದಾಗಿ, ಪರಿವರ್ತನೆಯಾದದ್ದನ್ನು ಹಿರಿಯರಿಂದ ಓದಿಸಿ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಪರಿವರ್ತಕವು ಹಳೆಯ ಫಾಂಟಿನ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿಸುವುದುಂಟು. ಅರ್ಕಾವತ್ತುಗಳು, ಒತ್ತಕ್ಷರಗಳು, ಅಪರೂಪದ ಱಕಾರ ೞಕಾರಗಳು ಸ್ಥಾನ ತಪ್ಪುವುದುಂಟು. ಇದನ್ನು ಹಿಡಿಯಲು ಯಂತ್ರದ ವಿದ್ಯೆ ಬೇಕಾಗಿಲ್ಲ, ವಚನದ ಬಳಕೆ ಬೇಕು. ನಿವೃತ್ತ ಉಪಾಧ್ಯಾಯರೂ, ನಿತ್ಯ ವಚನ ಓದುವ ತಾಯಂದಿರೂ ಈ ಕಾಯಕಕ್ಕೆ ಅತ್ಯಂತ ಯೋಗ್ಯರು.

ಮೂರನೆಯದಾಗಿ, ಕಂಡ ದೋಷವನ್ನು ತಿದ್ದಿ ಸುಮ್ಮನಾಗದೆ, ಉಪಕರಣವನ್ನು ಬರೆದವರಿಗೂ ತಿಳಿಸಿ. ಮೂಲದ ಪದ ಇದು, ಬಂದದ್ದು ಇದು, ಬರಬೇಕಾದದ್ದು ಇದು ಎಂಬ ಮೂರು ಸಾಲು ಸಾಕು. ೧೯೬೦ರಲ್ಲಿ ಆರಂಭವಾದ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಇತರ ಕಾಲೇಜುಗಳಲ್ಲಿಯೂ ಓದುತ್ತಿರುವ ನಮ್ಮ ಮಕ್ಕಳು ಅದನ್ನು ಸರಿಯಾದ ರೂಪದಲ್ಲಿ ತಲುಪಿಸಬಲ್ಲರು, ಕ್ರಮೇಣ ತಾವೇ ತಿದ್ದಬಲ್ಲರು. ಹೀಗೆ ತಿದ್ದಿದ್ದು ಅವರ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಉದ್ಯೋಗ ಕೊಡುವವರಿಗೂ ಅದು ಅವರ ಕೆಲಸದ ಸಾಕ್ಷಿಯಾಗುತ್ತದೆ.

ನಾಲ್ಕನೆಯದಾಗಿ, ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ ಪುಟಗಳ ಚಿತ್ರ ತೆಗೆಸಿ, ಟೆಸರಾಕ್ಟಿನಿಂದ ಓದಿಸಿ, ತಿದ್ದಿ. ಜಾ‍ಲದಲ್ಲಿ ಇಡುವ ಮೊದಲು ಹಕ್ಕಿನ ವಿಚಾರ ನೋಡಿ. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ವರ್ಷದ ಅನಂತರ ೬೦ ವರ್ಷ ಹಕ್ಕು ಉಳಿದಿರುತ್ತದೆ. ಹಳಕಟ್ಟಿಯವರು ೧೯೬೪ರಲ್ಲಿ ಲಿಂಗೈಕ್ಯರಾದದ್ದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ೨೦೨೫ರ ಆರಂಭದಿಂದ ಸಾರ್ವಜನಿಕರ ಸೊತ್ತಾಗಿವೆ. ಇತ್ತೀಚಿನ ಲೇಖಕರ ಅಥವಾ ಅವರ ಕುಟುಂಬದವರ ಅನುಮತಿ ಪಡೆಯತಕ್ಕದ್ದು. ವಧೂವರರ ಪಟ್ಟಿ, ಸದಸ್ಯರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮಾತ್ರ ಯಾವ ಕಾರಣಕ್ಕೂ ಬಹಿರಂಗವಾಗಿ ಇಡಬಾರದು.

ಐದನೆಯದಾಗಿ, ಸಂಘಕ್ಕೆ ಜಾಲತಾಣ ಮಾಡಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿ. ಬರಹವೆಲ್ಲ ಯುನಿಕೋಡಿನಲ್ಲಿದೆಯೇ? ಬಳಸಿದ ಮುಕ್ತ ಲೈಬ್ರರಿಗಳು ಯಾವುವು, ಅವುಗಳ ಪರವಾನಗಿ ಏನು? ವಿಳಾಸದ ನೋಂದಣಿಯೂ ಒಳಬರಹವೂ ಸಂಘದ ಹೆಸರಿನಲ್ಲಿ ಇರುತ್ತವೆಯೇ? ಮಾಡಿಕೊಡುವವರು ಮುಕ್ತ ಉಪಕರಣ ಬಳಸಿದರೆಂದು ಅವರ ಕೂಲಿಯಲ್ಲಿ ಕಡಿತ ಮಾಡಬೇಡಿ. ಒರಳು ಊರಿನದಾದರೂ ಒತ್ತಿದವರ ತೋಳಿಗೆ ಬೆಲೆಯುಂಟು.

ಕೊನೆಯದಾಗಿ ಆಯದ ಮಾತು. ಸ್ಮರಣ ಸಂಚಿಕೆಯ ಜಾಹೀರಾತಿನಿಂದ ಬಂದ ಹಣದಲ್ಲಿ ಒಂದು ಚಿಕ್ಕ ಪಾಲನ್ನು, ಅದರ ಅಕ್ಷರಗಳನ್ನು ಸಾಧ್ಯವಾಗಿಸಿದ ಉಪಕರಣಗಳನ್ನು ಕಾಯುವವರಿಗೆ ಕಳುಹಿಸುವ ಪದ್ಧತಿಯನ್ನು ನಾಲ್ಕು ಊರುಗಳ ಸಂಘಗಳು ಏಕೆ ಆರಂಭಿಸಬಾರದು? ಮೊತ್ತ ದೊಡ್ಡದಾಗಬೇಕಾಗಿಲ್ಲ. ಅವರ ಹೆಸರನ್ನು ಸಂಚಿಕೆಯ ಕೃತಜ್ಞತೆಯ ಪುಟದಲ್ಲಿ, ದಾನಿಗಳ ಹೆಸರಿನ ಜೊತೆಯಲ್ಲಿ, ಅಚ್ಚು ಮಾಡಿಸಿದರೂ ಅದು ಸಣ್ಣ ಗೌರವವಲ್ಲ.

ಎರಡು ಆಕ್ಷೇಪಗಳು

"ಪುಕ್ಕಟೆ ಬಂದದ್ದನ್ನು ನಂಬುವುದು ಹೇಗೆ?" ಎನ್ನುವವರುಂಟು. ಬೆಲೆ ಕೊಟ್ಟದ್ದೆಲ್ಲ ಗಟ್ಟಿ, ಕೊಡದ್ದೆಲ್ಲ ಸಡಿಲ ಎಂಬುದು ಅನುಭವಕ್ಕೆ ಹೊಂದುವ ಮಾತಲ್ಲ. ಬೆಲೆ ಕೊಟ್ಟ ಪೇಜ್‌ಮೇಕರ್ ನಿಂತುಹೋದಾಗ ನಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ. ತೆರೆದ ಉಪಕರಣ ನಿಂತರೆ ಅದರ ಒಳಬರಹವಾದರೂ ಉಳಿಯುತ್ತದೆ. ಆದರೆ ಕಾಯುವವರಿರುವ ಉಪಕರಣವನ್ನು ಆರಿಸಿಕೊಳ್ಳುವ ಎಚ್ಚರ ಬೇಕು. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ತೂಬನ್ನು ಪರೀಕ್ಷಿಸದೆ ನಂಬಬಾರದು.

ಎರಡನೆಯ ಆಕ್ಷೇಪ ತಾಯಂದಿರದು. "ಮಕ್ಕಳ ನಿದ್ರೆ, ಆರೋಗ್ಯ, ಸಂಸಾರ ಕೆಡಿಸಿಕೊಂಡು ಇದನ್ನು ಮಾಡಬೇಕೇ?" ಬೇಡ. ಈ ಆಕ್ಷೇಪ ನ್ಯಾಯವಾದದ್ದು. ಕಾಯಕದಿಂದ ಮನೆ ನಡೆದ ಮೇಲೆ ಉಳಿದದ್ದರಲ್ಲಿ ದಾಸೋಹ. ಮನೆಯನ್ನು ಉಪವಾಸವಿಟ್ಟು ಅಲ್ಲ. ಅಂತಹ ಮಗನಿಗೆ, ಮಗಳಿಗೆ ರಾತ್ರಿ ಹನ್ನೊಂದಕ್ಕೆ ಮಲಗೆಂದು ಗದರಿಸುವ ಹಕ್ಕು ತಾಯಿಗೆ ಖಂಡಿತವಾಗಿ ಇದೆ. ಅದರ ಜೊತೆಗೆ, "ಏನು ಬರೆಯುತ್ತಿದ್ದೀಯಪ್ಪ, ಯಾರು ಬಳಸುತ್ತಾರೆ, ನಾವು ಓದಿ ನೋಡುವ ಕೆಲಸವೇನಾದರೂ ಇದೆಯೇ?" ಎಂದು ಒಮ್ಮೆ ವಿಚಾರಿಸಿದರೆ ಅವರ ಭಾರ ಅರ್ಧವಾಗುತ್ತದೆ. ಎಕ್ಸ್‌ಜೆಡ್ ಕಾಯುತ್ತಿದ್ದವರಿಗೆ ಇಲ್ಲವಾದದ್ದು ಅಂತಹ ಹೆಗಲುಗಳೇ.

ಜುಲೈ ೨ ಹಳಕಟ್ಟಿಯವರ ಜನ್ಮದಿನ. ಅಂದು ಭಾವಚಿತ್ರಕ್ಕೆ ಹಾರ ಹಾಕಿ, ಭಾಷಣ ಮಾಡಿ, ಪ್ರಸಾದ ಸ್ವೀಕರಿಸಿ ಹೊರಡುವುದು ಎಲ್ಲೆಡೆ ನಡೆದುಬಂದ ರೂಢಿ. ಮುಂಬರುವ ಜುಲೈ ೨ರೊಳಗೆ ಹಾಸನದಲ್ಲಿ ಒಂದು, ಹೊಳೆನರಸೀಪುರದಲ್ಲಿ ಒಂದು, ಅರಕಲಗೂಡಿನಲ್ಲಿ ಒಂದು, ಚನ್ನರಾಯಪಟ್ಟಣದಲ್ಲಿ ಒಂದು - ಹೀಗೆ ನಾಲ್ಕೇ ನಾಲ್ಕು ಹಳೆಯ ಸಂಚಿಕೆಗಳನ್ನು ಸೆರೆಯಿಂದ ಬಿಡಿಸಿ, ಹಿರಿಯರು ಓದಿ ತಿದ್ದಿ, ಕಿರಿಯರು ಜೋಡಿಸಿ, ಅಂದಿನ ಸಭೆಯಲ್ಲಿ ಅರ್ಪಿಸೋಣ. ಕೆಲಸವನ್ನು ಕೈಗೆತ್ತಿಕೊಂಡ ಸಂಘಗಳು ತಾವು ಕಂಡ ತೊಡಕುಗಳನ್ನೂ ಬಳಸಿದ ಉಪಕರಣಗಳ ಹೆಸರುಗಳನ್ನೂ ಪತ್ರಿಕೆಗೆ ಬರೆದು ತಿಳಿಸಿದರೆ ಉಳಿದ ಊರಿನವರಿಗೆ ದಾರಿಯಾಗುತ್ತದೆ.